ಗಾಯಾಳುವಿಗೆ ಹತ್ತಿರ ಇರುವವರು

ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ಮನುಷ್ಯ ಕೆಲವೇ ನಿಮಿಷಗಳಲ್ಲಿ ರಕ್ತ ಸೋರಿ ಸಾಯಬಹುದು. ಹೆಲಿಕಾಪ್ಟರ್ ಎಷ್ಟೇ ಬೇಗ ಬರಲಿ, ಆಸ್ಪತ್ರೆಯಲ್ಲಿ ಎಂಥ ನುರಿತ ಸರ್ಜನ್ ಕಾದಿರಲಿ, ಆ ನಿಮಿಷಗಳು ಅವರ ಕೈಗೆ ಸಿಗುವುದಿಲ್ಲ. ಸಣ್ಣ ತಂಡಗಳಲ್ಲಿ ಶತ್ರುವಿನ ನೆಲದೊಳಕ್ಕೆ ಹೋಗುವ ವಿಶೇಷ ಪಡೆಗಳ ವೈದ್ಯಕೀಯವೆಲ್ಲ ಈ ಒಂದು ಸಂಗತಿಯ ಸುತ್ತಲೇ ಬೆಳೆದಿದೆ.

1990ರ ದಶಕದವರೆಗೂ ಅಮೆರಿಕದ ಸೇನಾ ವೈದ್ಯಕೀಯ ಸಹಾಯಕರು ಕಲಿಯುತ್ತಿದ್ದುದು ಹೆಚ್ಚುಕಡಿಮೆ ನಗರದ ಅಪಘಾತಗಳಿಗೆ ರೂಪಿಸಿದ ಪಾಠ. ಕೈಕಾಲಿಗೆ ಬಿಗಿದು ರಕ್ತ ನಿಲ್ಲಿಸುವ ಟೂರ್ನಿಕೆಟ್ ಪಟ್ಟಿಯನ್ನು ಕೊನೆಯ ಉಪಾಯವೆಂದು ದೂರ ಇಟ್ಟಿದ್ದರು. ಕಟ್ಟಿದರೆ ಅಂಗವೇ ಹೋದೀತೆಂಬ ಭಯ. ನೌಕಾಪಡೆಯ ವಿಶೇಷ ಪಡೆಯಾದ ಸೀಲ್‌ನಲ್ಲಿ ಯೋಧನಾಗಿದ್ದು ಆಮೇಲೆ ಕಣ್ಣಿನ ವೈದ್ಯರಾದ ಫ್ರಾಂಕ್ ಬಟ್ಲರ್ ಮತ್ತು ಅವರ ಸಂಗಡಿಗರು ಇದನ್ನು ಬುಡದಿಂದ ಪ್ರಶ್ನಿಸಿದರು. 1996ರಲ್ಲಿ ಅವರು ಪ್ರಕಟಿಸಿದ ಮಾರ್ಗಸೂಚಿ ಆರೈಕೆಯನ್ನು ಮೂರು ಹಂತವಾಗಿ ಬಿಡಿಸಿತು: ಗುಂಡು ಹಾರುತ್ತಿರುವಾಗ, ಗುಂಡಿನಿಂದ ಮರೆಯಾದ ಮೇಲೆ, ಸಾಗಿಸುವಾಗ. ಮೊದಲ ಹಂತದಲ್ಲಿ ಮಾಡಬೇಕಾದ ಚಿಕಿತ್ಸೆ ಹೆಚ್ಚುಕಡಿಮೆ ಒಂದೇ: ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಟೂರ್ನಿಕೆಟ್ ಬಿಗಿಯುವುದು. ಉಳಿದದ್ದೆಲ್ಲ ಆಮೇಲೆ.

ಅದು ಸರಿಯಾದ ನಿರ್ಧಾರವೆಂಬುದಕ್ಕೆ ಇರಾಕ್ ಯುದ್ಧದಲ್ಲಿ ಪುರಾವೆ ಸಿಕ್ಕಿತು. ಬಾಗ್ದಾದಿನ ಸೇನಾ ಆಸ್ಪತ್ರೆಯೊಂದರ ಅಧ್ಯಯನದಲ್ಲಿ, ಗಾಯಾಳು ರಕ್ತ ಕಳೆದುಕೊಂಡು ಆಘಾತಸ್ಥಿತಿಗೆ (ಅಂಗಾಂಗಗಳಿಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿಗೆ) ಜಾರುವ ಮೊದಲೇ ಪಟ್ಟಿ ಕಟ್ಟಿದವರಲ್ಲಿ ಶೇ 90ರಷ್ಟು ಮಂದಿ ಬದುಕಿದರೆ, ಜಾರಿದ ಮೇಲೆ ಕಟ್ಟಿದವರಲ್ಲಿ ಬದುಕಿದ್ದು ಶೇ 10 ಮಾತ್ರ. ಸಾಧನ ಅದೇ, ಬೇರೆಯಾದದ್ದು ಕಟ್ಟಿದ ಹೊತ್ತು. ತೊಡೆಸಂದಿಯಂತಹ ಕಡೆ ಪಟ್ಟಿ ಕಟ್ಟಲು ಬರುವುದಿಲ್ಲ. ಅಲ್ಲಿಗೆ ಕೇಯೊಲಿನ್ ಎಂಬ ಬಿಳಿ ಜೇಡಿಯನ್ನು ಲೇಪಿಸಿದ ಗಾಯಕ್ಕೆ ಬಳಸುವ ತೆಳು ಜಾಳು ಬಟ್ಟೆ (ಗಾಜ್) ಬಂತು. ಜೇಡಿಯ ಕಣಗಳು ರಕ್ತ ಹೆಪ್ಪುಗಟ್ಟುವ ಸರಪಳಿ ಕ್ರಿಯೆಗೆ ಚಾಲನೆ ಕೊಡುತ್ತವೆ. ಬಟ್ಟೆಯನ್ನು ಗಾಯದೊಳಕ್ಕೆ ತುರುಕಿ ಮೂರು ನಿಮಿಷ ಕದಲದೆ ಒತ್ತಿ ಹಿಡಿಯಬೇಕು. ಗಾಯಾಳುವಿನ ಮೈ ತಣ್ಣಗಾದರೆ ಹೆಪ್ಪುಗಟ್ಟಿಸುವ ಕಿಣ್ವಗಳು ಮಂದವಾಗುವುದರಿಂದ, ಬಿಸಿ ಸೀಮೆಯಲ್ಲೂ ಕಂಬಳಿ ಹೊದಿಸುವುದು ಚಿಕಿತ್ಸೆಯೇ.

ಇಷ್ಟು ಜ್ಞಾನ ಪುಸ್ತಕದಲ್ಲಿದ್ದರೆ ಸಾಲದು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅಮೆರಿಕದ ಭೂಸೇನೆಯ ವಿಶೇಷ ಪಡೆಯಾದ 75ನೇ ರೇಂಜರ್ ರೆಜಿಮೆಂಟಿನ ಕಥೆ, ಏಕೆಂದರೆ ಅಲ್ಲಿ ಬದಲಾವಣೆಯ ಹೊಣೆ ಹೊತ್ತವನು ವೈದ್ಯನಲ್ಲ, ಕಮಾಂಡರ್. 1990ರ ದಶಕದ ಕೊನೆಯಲ್ಲಿ ಆ ರೆಜಿಮೆಂಟನ್ನು ನಡೆಸುತ್ತಿದ್ದ ಸ್ಟ್ಯಾನ್ಲಿ ಮೆಕ್ರಿಸ್ಟಲ್ ತರಬೇತಿಗೆ ನಾಲ್ಕು ಆದ್ಯತೆಗಳನ್ನು ಗೊತ್ತುಮಾಡಿದರು: ಗುರಿಕಾರಿಕೆ, ದೇಹದಾರ್ಢ್ಯ, ಸಣ್ಣ ತುಕಡಿಯ ಕಾದಾಟ, ಜೊತೆಗೆ ವೈದ್ಯಕೀಯ. ಅಲ್ಲಿಂದ ಮುಂದೆ ಅಡುಗೆಯವನಿಂದ ಅಧಿಕಾರಿಯವರೆಗೆ ಪ್ರತಿಯೊಬ್ಬ ರೇಂಜರನೂ ರಕ್ತ ನಿಲ್ಲಿಸಲು, ಉಸಿರಿನ ದಾರಿ ತೆರೆಯಲು, ಎದೆಯೊಳಗೆ ಒತ್ತಡ ಕಟ್ಟಿದ ಗಾಳಿಯನ್ನು ಹೊರಬಿಡಲು ಕಲಿಯಬೇಕಾಯಿತು. ಪ್ರತಿ ಗಾಯಕ್ಕೂ ಒಂದು ಕಾರ್ಡು: ಏನಾಯಿತು, ಯಾವಾಗ, ಏನು ಮಾಡಲಾಯಿತು. ಆ ಕಾರ್ಡುಗಳು ಒಂದು ದಾಖಲೆಪುಸ್ತಕ ಸೇರಿದವು. ದಾಖಲೆ ಮತ್ತೆ ತರಬೇತಿಯನ್ನು ತಿದ್ದಿತು.

ಫಲಿತಾಂಶವನ್ನು ಸೇನಾ ವೈದ್ಯ ರಸ್ ಕಾಟ್ವಾಲ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು. 2001ರಿಂದ 2010ರವರೆಗಿನ ಕದನಗಳಲ್ಲಿ 419 ರೇಂಜರುಗಳಿಗೆ ಗಾಯ, 32 ಸಾವು. ಆಸ್ಪತ್ರೆ ತಲುಪುವ ಮೊದಲು ತಡೆಯಬಹುದಾಗಿದ್ದ ಕಾರಣದಿಂದ ಸತ್ತವರು ಒಬ್ಬರೂ ಇಲ್ಲ. ಹೆಚ್ಚುಕಡಿಮೆ ಅದೇ ಕಾಲದ ಇಡೀ ಅಮೆರಿಕನ್ ಪಡೆಗಳ ಲೆಕ್ಕದಲ್ಲಿ, ಆಸ್ಪತ್ರೆಗೆ ಮುಂಚಿನ ಸುಮಾರು 4,000 ಸಾವುಗಳಲ್ಲಿ 976 ಜೀವಗಳು ಉಳಿಯುವ ಸಾಧ್ಯತೆಯಿತ್ತು, ಅವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಸತ್ತದ್ದು ರಕ್ತಸ್ರಾವದಿಂದ. ರೇಂಜರುಗಳು ಆಯ್ದ, ಗಟ್ಟಿಮುಟ್ಟಾದ ಜನ, ಅವರ ಕಾರ್ಯಾಚರಣೆಯೂ ಬೇರೆ ತೆರನಾದದ್ದು. ಆದ್ದರಿಂದ ಎರಡನ್ನೂ ನೇರ ತೂಗಲಾಗದು. ಆದರೂ ಆ 976 ಮನೆಗಳನ್ನು ನೆನೆದಾಗ, ಗೊತ್ತಿದ್ದ ಪಾಠ ಎಲ್ಲ ತುಕಡಿಗಳಿಗೂ ಅಷ್ಟೇ ಶಿಸ್ತಿನಿಂದ ತಲುಪಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಸುಧಾರಣೆ ಅಲ್ಲಿಗೆ ನಿಲ್ಲಲಿಲ್ಲ. ನೋವಿಗೆ ಸ್ನಾಯುವಿನೊಳಗೆ ಚುಚ್ಚುತ್ತಿದ್ದ ಮಾರ್ಫಿನ್ ನಿಧಾನವಾಗಿ ಹತ್ತುತ್ತದೆ. ಅದರ ಬದಲು ಕಡ್ಡಿಗೆ ಅಂಟಿಸಿದ, ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕದ ಗುಳಿಗೆಯನ್ನು ಬಾಯಲ್ಲಿಟ್ಟು, ಕಡ್ಡಿಯನ್ನು ಗಾಯಾಳುವಿನ ಬೆರಳಿಗೆ ಟೇಪಿನಿಂದ ಬಿಗಿದರು. ಮಂಪರು ಹೆಚ್ಚಾದರೆ ಕೈ ತಾನಾಗಿ ಕೆಳಗೆ ಬೀಳುತ್ತದೆ, ಗುಳಿಗೆಯೂ ಬಾಯಿಂದ ಹೊರಬರುತ್ತದೆ. ಆಮೇಲೆ ರಕ್ತ: ಕದನಕ್ಕೆ ಹೊರಡುವ ಮೊದಲೇ, ಬೇರೆ ಗುಂಪಿನ ರಕ್ತವನ್ನು ಎದುರಿಸುವ ಪ್ರತಿಕಾಯಗಳು ಕಡಿಮೆಯಿರುವ 'ಒ' ಗುಂಪಿನ ಯೋಧರನ್ನು ಪರೀಕ್ಷಿಸಿ ಗುರುತಿಸಿಡುವುದು; ಬೇಕಾದಾಗ ಅವರ ಬಿಸಿ ರಕ್ತವನ್ನೇ ತೆಗೆದು ಗಾಯಾಳುವಿಗೆ ಕೊಡುವುದು.

ಈಗ ಉಕ್ರೇನಿನ ಯುದ್ಧ ಈ ಪಾಠಗಳನ್ನೇ ಮತ್ತೆ ಪರೀಕ್ಷೆಗೆ ಒಡ್ಡಿದೆ. ಮೇಲೆ ಡ್ರೋನ್‌ಗಳು ಸುಳಿದಾಡುವಾಗ ಗಾಯಾಳುವನ್ನು ಸಾಗಿಸಲು ಗಂಟೆಗಟ್ಟಲೆ ತಡವಾಗುತ್ತದೆ, ಕೆಲವೊಮ್ಮೆ ದಿನಗಳೇ ಆಗುತ್ತವೆ. ಟೂರ್ನಿಕೆಟ್ ಅಷ್ಟು ಹೊತ್ತು ಬಿಗಿದೇ ಇದ್ದರೆ, ಹಳಬರು ಹೆದರಿದ್ದಂತೆಯೇ ಅಂಗ ಹೋಗಬಹುದು. ಆದ್ದರಿಂದ ಕಟ್ಟುವುದರಷ್ಟೇ ಒತ್ತುಕೊಟ್ಟು ಇನ್ನೊಂದನ್ನೂ ಕಲಿಸಬೇಕಾಗಿದೆ: ಎರಡು ಗಂಟೆಯೊಳಗೆ ಗಾಯವನ್ನು ಮತ್ತೆ ನೋಡಿ, ಆಗುವಂತಿದ್ದರೆ ಒತ್ತುಕಟ್ಟು ಹಾಕಿ ಪಟ್ಟಿಯನ್ನು ಸಡಿಲಿಸುವುದು.