ಮಾತುಕತೆ ಎಲ್ಲಿ ನಡೆಯಿತು ಎಂಬುದೇ ಮೊದಲ ಪ್ರಶ್ನೆ

ಕಳೆದ ಮಳೆಗಾಲದಲ್ಲಿ ವಿಜಯನಗರದ ಯುವತಿಯೊಬ್ಬರು ಮಲ್ಲೇಶ್ವರದ ನಮ್ಮ ವಕೀಲಿ ಕಚೇರಿಗೆ ಬಂದು, ಮಕ್ಕಳ ಪುಸ್ತಕವೊಂದಕ್ಕೆ ತಾವು ಬರೆದುಕೊಟ್ಟಿದ್ದ ಹನ್ನೆರಡು ಚಿತ್ರಗಳನ್ನು ಮೇಜಿನ ಮೇಲೆ ಹರಡಿದರು. ಕೆಲಸ ಸಿಕ್ಕಿದ್ದು ಫ್ರೀಲಾನ್ಸರ್‌ಗಳ, ಅಂದರೆ ಬಿಡಿಬಿಡಿಯಾಗಿ ಕೆಲಸ ಹಿಡಿದು ಮಾಡಿಕೊಡುವವರ, ಜಾಲತಾಣವೊಂದರಲ್ಲಿ. ಆದರೆ ಗ್ರಾಹಕ ಎನಿಸಿಕೊಂಡವನು ಎರಡನೆಯ ಸಂದೇಶದಲ್ಲೇ, ಇಲ್ಲಿ ಕಮಿಷನ್ ಸುಮ್ಮನೆ ಹೋಗುತ್ತದೆ, ಟೆಲಿಗ್ರಾಂಗೆ ಬನ್ನಿ ಎಂದು ಕರೆದಿದ್ದ, ಇವರು ಹೋಗಿದ್ದರು. ಚಿತ್ರಗಳೆಲ್ಲ ಕೈಸೇರಿದ ಮೇಲೆ, ವಿದೇಶದಿಂದ ಹಣ ಬಿಡುಗಡೆಯಾಗಬೇಕಾದರೆ ಪರಿಶೀಲನಾ ಶುಲ್ಕವೆಂದು 6,500 ರೂಪಾಯಿ ಕಟ್ಟಬೇಕೆಂದ, ಅದನ್ನೂ ಕಟ್ಟಿದ್ದರು. ಮರುದಿನದಿಂದ ಆಸಾಮಿ ಪತ್ತೆಯಿಲ್ಲ. "ಜಾಲತಾಣದವರಿಗೆ ನೋಟಿಸ್ ಕಳಿಸಬಹುದಾ ಸರ್?" ಎಂದು ಅವರು ಕೇಳಿದರು. ನಾನು ಕೇಳಿದ್ದು ಬೇರೆ: ಮಾತುಕತೆ ನಡೆದದ್ದು ಎಲ್ಲಿ, ಜಾಲತಾಣದೊಳಗೆ ಕಾಂಟ್ರ್ಯಾಕ್ಟ್ ಆರಂಭವಾಗಿತ್ತೇ? ಆಗಿರಲಿಲ್ಲ. ಆ ಒಂದೇ ಉತ್ತರದಿಂದ ಮುಕ್ಕಾಲು ಪಾಲು ವಿಷಯ ತೀರ್ಮಾನವಾಗಿಹೋಯಿತು.

ಜಾಲತಾಣಗಳು ನಿಯಮ ಮಾಡುವುದು ತಮ್ಮ ಕಮಿಷನ್ ಉಳಿಸಿಕೊಳ್ಳುವುದಕ್ಕೆ ಎಂಬ ಮಾತನ್ನು ಹೊಸಬರಿಂದ ಮೇಲಿಂದ ಮೇಲೆ ಕೇಳುತ್ತೇನೆ, ಮತ್ತು ಅದು ಸುಳ್ಳೇನೂ ಅಲ್ಲ. ಇಂಥದೇ ಜಾಲತಾಣವಾದ ಫೈವರ್ ಪ್ರತಿ ಆರ್ಡರಿನ ಗಳಿಕೆಯಲ್ಲಿ ಶೇಕಡಾ 20ರಷ್ಟನ್ನು ಹಿಡಿದುಕೊಳ್ಳುತ್ತದೆ. ಯಾವ ಜಾಲತಾಣವೂ ಧರ್ಮಕ್ಕೆ ನಡೆಯುತ್ತಿಲ್ಲ. ಆದರೆ ಅವರ ಲಾಭಕ್ಕಾಗಿ ಬರೆದ ಅದೇ ನಿಯಮಾವಳಿಯಲ್ಲಿ ನಿಮ್ಮ ದುಡಿಮೆಯ ಹಣಕ್ಕೆ ಅವರು ಎಲ್ಲಿಂದ ಎಲ್ಲಿಯವರೆಗೆ ಹೊಣೆ ಎಂಬ ಗಡಿಯೂ ಇರುತ್ತದೆ. ಮೋಸಗಾರರು ಈ ಗಡಿಯನ್ನು ಚೆನ್ನಾಗಿ ಓದಿಕೊಂಡಿರುತ್ತಾರೆ. ನಿಮ್ಮನ್ನು ಅದರಾಚೆಗೆ ಒಂದು ಹೆಜ್ಜೆ ದಾಟಿಸಿದರೆ ಅವರ ಅರ್ಧ ಕೆಲಸ ಮುಗಿದಂತೆ.

ಅಪ್‌ವರ್ಕ್ ಎಂಬ ಇನ್ನೊಂದು ಜಾಲತಾಣದ ಉದಾಹರಣೆಯನ್ನೇ ನೋಡೋಣ. ಅಲ್ಲಿ ಕಾಂಟ್ರ್ಯಾಕ್ಟ್ ಆರಂಭವಾಗುವ ಮೊದಲು ಫೋನ್ ನಂಬರು, ಇಮೇಲ್, ಟೆಲಿಗ್ರಾಂ ವಿಳಾಸ ಹಂಚಿಕೊಳ್ಳುವುದು ನಿಷಿದ್ಧ. ಆರಂಭವಾದ ಮೇಲೆ ಬೇರೆಡೆ ಮಾತನಾಡಲು ಅಡ್ಡಿಯಿಲ್ಲ, ಆದರೆ ಹಣ ಮಾತ್ರ ಎರಡು ವರ್ಷಗಳವರೆಗೆ ಜಾಲತಾಣದ ಮೂಲಕವೇ ಬರಬೇಕು. ಅದಕ್ಕೂ ಮೊದಲೇ ನೇರ ವ್ಯವಹಾರಕ್ಕೆ ಇಳಿಯುವುದಾದರೆ ನಿಗದಿತ ಶುಲ್ಕ ಕಟ್ಟಿ ಹೊರಬರುವ ದಾರಿಯೂ ಇದೆ. ಅಂದರೆ, ನಿಜವಾದ ಗ್ರಾಹಕನಿಗೆ ಕಾಂಟ್ರ್ಯಾಕ್ಟ್ ತೆರೆಯುವ ಮುನ್ನವೇ ನಿಮ್ಮನ್ನು ಹೊರಗೆ ಕರೆಯುವ ತುರ್ತು ಇರುವುದಿಲ್ಲ. ಹಾಗೆ ಕರೆದವನು ಒಂದೋ ನಿಯಮ ತಿಳಿಯದವನು, ಇಲ್ಲವೇ ತಿಳಿದೇ ಕರೆಯುತ್ತಿರುವವನು. ಮೊದಲನೆಯ ಬಗೆಯವನಿಗೆ, "ಕಾಂಟ್ರ್ಯಾಕ್ಟ್ ಶುರುವಾದ ಮೇಲೆ ಕರೆ ಮಾಡುತ್ತೇನೆ" ಎಂದು ಒಂದು ಸಾಲು ಬರೆದರೆ ಸಾಕು, ಒಪ್ಪಿಕೊಳ್ಳುತ್ತಾನೆ. ಎರಡನೆಯವನು ಅಲ್ಲಿಗೇ ಮಾಯವಾಗುತ್ತಾನೆ. ಇಬ್ಬರನ್ನೂ ಬೇರ್ಪಡಿಸಲು ಇದಕ್ಕಿಂತ ಅಗ್ಗದ ಪರೀಕ್ಷೆ ನನಗೆ ತಿಳಿದಿಲ್ಲ.

ಮಾತುಕತೆಯ ನಿಯಮಕ್ಕಿಂತ ಹೆಚ್ಚು ಗಮನ ಬೇಡುವುದು ಹಣದ ನಿಯಮ, ಏಕೆಂದರೆ ಜಾಲತಾಣದೊಳಗೇ ಇದ್ದುಕೊಂಡೂ ಹಣ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಇಡೀ ಕೆಲಸಕ್ಕೆ ಇಂತಿಷ್ಟು ಎಂದು ಗೊತ್ತುಮಾಡಿಕೊಳ್ಳುವ ಕಾಂಟ್ರ್ಯಾಕ್ಟಿನಲ್ಲಿ ಗ್ರಾಹಕನು ಪ್ರತಿ ಹಂತದ ಮೊತ್ತವನ್ನು ಮೊದಲೇ ಎಸ್ಕ್ರೋ ಖಾತೆಯಲ್ಲಿ ಇಡುತ್ತಾನೆ. ನಮ್ಮ ಹಳ್ಳಿಗಳಲ್ಲಿ ವ್ಯಾಪಾರ ಕುದುರಿದಾಗ ಹಣವನ್ನು ಇಬ್ಬರಿಗೂ ಬೇಕಾದ ಯಜಮಾನರ ಕೈಯಲ್ಲಿ ಇಡುತ್ತಿದ್ದ ರೀತಿಯೇ ಇದು. ಹೊಸಬರು ಕಾಂಟ್ರ್ಯಾಕ್ಟ್ ಬಂದ ಸಂಭ್ರಮದಲ್ಲಿ, ಆ ಹಂತಕ್ಕೆ ಹಣ ತುಂಬಿದೆಯೇ ಎಂದು ನೋಡುವುದನ್ನೇ ಮರೆತು ಕೆಲಸಕ್ಕೆ ಕೂರುತ್ತಾರೆ. ಇನ್ನು ಕೆಲವರು ಹಣ ತುಂಬಿದ್ದನ್ನು ನೋಡಿಕೊಂಡೂ, ಮುಗಿದ ಕಡತಗಳನ್ನು ಚಾಟ್‌ನಲ್ಲಿ ಕಳಿಸಿ ಸುಮ್ಮನಾಗುತ್ತಾರೆ. ಅಪ್‌ವರ್ಕ್‌ನಲ್ಲಿ ಕೆಲಸವನ್ನು ಅದಕ್ಕೆಂದೇ ಇರುವ ಗುಂಡಿಯನ್ನೊತ್ತಿ ವಿಧಿವತ್ತಾಗಿ ಸಲ್ಲಿಸಿದರೆ ಮಾತ್ರ ಗ್ರಾಹಕನಿಗೆ 14 ದಿನಗಳ ಗಡುವು ಆರಂಭವಾಗುತ್ತದೆ. ಅಷ್ಟರಲ್ಲಿ ಅವನು ಏನೂ ಹೇಳದಿದ್ದರೆ ಹಣ ತಾನಾಗಿ ಬಿಡುಗಡೆಯಾಗುತ್ತದೆ. ಚಾಟ್‌ನಲ್ಲಿ ಕಳಿಸಿದ ಕಡತಕ್ಕೆ ಗಡುವೇ ಇಲ್ಲ. ಗ್ರಾಹಕ ತಿಂಗಳುಗಟ್ಟಲೆ ಮೌನವಾಗಿ ಕುಳಿತರೂ ಆ ಮೌನಕ್ಕೆ ಅರ್ಥವಿರುವುದಿಲ್ಲ. ಫೈವರ್‌ನಲ್ಲಿ ಗ್ರಾಹಕ ಪೂರ್ತಿ ಹಣವನ್ನು ಆರ್ಡರ್ ಮಾಡುವಾಗಲೇ ಕಟ್ಟುತ್ತಾನೆ, ಕೆಲಸ ತಲುಪಿಸಿದ ಮೇಲೆ ಅವನು ಪ್ರತಿಕ್ರಿಯಿಸದಿದ್ದರೆ ಮೂರು ದಿನಗಳಲ್ಲಿ ಆರ್ಡರ್ ಮುಗಿದಂತೆ ಲೆಕ್ಕವಾಗುತ್ತದೆ, ಆದರೂ ಸಾಮಾನ್ಯ ಮಾರಾಟಗಾರರಿಗೆ ಹಣ ಕೈಗೆ ಸಿಗುವುದು ಇನ್ನೂ 14 ದಿನ ಕಳೆದ ಮೇಲೆ. ಈ ಅಂಕಿಗಳು ಆಗಾಗ ಬದಲಾಗುವುದರಿಂದ ಆಯಾ ಜಾಲತಾಣದ ಸಹಾಯ ಪುಟವನ್ನೇ ನೋಡಿಕೊಳ್ಳುವುದು ಕ್ಷೇಮ.

ಗಂಟೆ ಲೆಕ್ಕದ ಕೆಲಸದಲ್ಲಿ ಪೆಟ್ಟು ಬೀಳುವ ಜಾಗ ಬೇರೆ. ಬನಶಂಕರಿಯ ವೆಬ್ ಡೆವಲಪರ್ ಒಬ್ಬರು, ಪರದೆಯ ಚಿತ್ರ ತೆಗೆಯುವ ಟ್ರ್ಯಾಕರ್ ಚಾಲೂ ಇದ್ದರೆ ಯಾರೋ ಬೆನ್ನ ಹಿಂದೆ ನಿಂತಂತಾಗುತ್ತದೆಂದು ಅದನ್ನು ಆರಿಸಿಟ್ಟು, 31 ಗಂಟೆಗಳ ಕೆಲಸವನ್ನು ಕೈಯಿಂದ ನಮೂದಿಸಿದ್ದರು. ಗ್ರಾಹಕ ತಕರಾರು ತೆಗೆದ. ಅವರ ಕಿರಿಕಿರಿ ನನಗೆ ಅರ್ಥವಾಗುತ್ತದೆ, ನನಗೂ ಅಂಥ ಕಾವಲು ಹಿಡಿಸದು. ಆದರೆ ಕೈಯಿಂದ ನಮೂದಿಸಿದ ಗಂಟೆಗಳಿಗೆ ಜಾಲತಾಣದ ಪಾವತಿ ರಕ್ಷಣೆ ಇಲ್ಲವೆಂದು ನಿಯಮದಲ್ಲಿ ಸ್ಪಷ್ಟವಾಗಿತ್ತು. ಟ್ರ್ಯಾಕರ್ ದಾಖಲೆ, ಏನು ಮಾಡಿದಿರಿ ಎಂಬ ಚಿಕ್ಕ ಟಿಪ್ಪಣಿ, ಗ್ರಾಹಕ ಹಾಕಿರುವ ವಾರದ ಮಿತಿಯೊಳಗಿನ ಗಂಟೆಗಳು, ಇವೆಲ್ಲ ಸೇರಿದರೆ ಮಾತ್ರ ಆ ರಕ್ಷಣೆ ನಿಲ್ಲುತ್ತದೆ.

ಕೆಲಸ ಪಡೆಯಲು ಹಣ ಕಟ್ಟಿ ಎನ್ನುವವರ ವಿಷಯದಲ್ಲಿ ಹೆಚ್ಚು ಬರೆಯಬೇಕಾಗಿಲ್ಲ. ಪ್ರಸ್ತಾವ ಕಳಿಸಲು ಜಾಲತಾಣವೇ ವಿಧಿಸುವ ಸಣ್ಣ ಮೊತ್ತ ಬೇರೆ. ಗ್ರಾಹಕನು ಕೇಳುವ ನೋಂದಣಿ ಶುಲ್ಕ, ಸಾಫ್ಟ್‌ವೇರ್ ಶುಲ್ಕ, ಭದ್ರತಾ ಠೇವಣಿ ಎಲ್ಲವೂ ಮೋಸವೇ. ಸ್ಕ್ಯಾನ್ ಮಾಡಿದ ಪುಟಗಳನ್ನು ವರ್ಡ್‌ನಲ್ಲಿ ಟೈಪ್ ಮಾಡಿಕೊಟ್ಟರೆ ಸಾವಿರಾರು ಡಾಲರ್ ಎಂಬ ಜಾಹೀರಾತುಗಳ ಕೊನೆ ಬಹುಮಟ್ಟಿಗೆ ಇಲ್ಲಿಗೇ ಬರುತ್ತದೆ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ವಕೀಲನಾಗಿ ನನಗೆ ಹೆಚ್ಚು ಸಿಟ್ಟು ತರಿಸುವುದು ಇದರದೇ ಇನ್ನೊಂದು ರೂಪ. ಮನೆಯಲ್ಲೇ ಕುಳಿತು ಡೇಟಾ ಎಂಟ್ರಿ ಮಾಡಿ ಎಂದು ಕರೆದು, ಒಂದು ಕರಾರಿಗೆ ಆನ್‌ಲೈನಿನಲ್ಲೇ ಸಹಿ ಹಾಕಿಸಿಕೊಳ್ಳುತ್ತಾರೆ. ವಾರದ ನಂತರ ನಿಮ್ಮ ಕೆಲಸದ ನಿಖರತೆ ಕಡಿಮೆಯಾಗಿದೆ, ಕರಾರು ಮುರಿದಿದ್ದೀರಿ, ದಂಡ ಕಟ್ಟದಿದ್ದರೆ ಬಂಧನವಾಗುತ್ತದೆ ಎಂದು ವಕೀಲರ ಹೆಸರಿನ ನೋಟಿಸು ವಾಟ್ಸಾಪಿಗೆ ಬರುತ್ತದೆ. ಗೃಹಿಣಿಯರು, ಪದವಿ ಮುಗಿಸಿದ ಮಕ್ಕಳು ಮರ್ಯಾದೆಗೆ ಅಂಜಿ ಯಾರಿಗೂ ಹೇಳದೆ ಹಣ ಕಟ್ಟುತ್ತಾರೆ. ಟೈಪಿಂಗಿನಲ್ಲಿ ತಪ್ಪಾದರೆ, ಅಥವಾ ಒಪ್ಪಿದ ಕೆಲಸ ಪೂರೈಸಲಾಗದಿದ್ದರೆ, ಅದು ಹೆಚ್ಚೆಂದರೆ ಸಿವಿಲ್ ವ್ಯಾಜ್ಯ. ಅದಕ್ಕಾಗಿ ಪೊಲೀಸರು ಯಾರನ್ನೂ ಬಂಧಿಸುವುದಿಲ್ಲ. ಕರಾರಿನಲ್ಲಿ ಎಷ್ಟೇ ದೊಡ್ಡ ದಂಡ ಬರೆದಿದ್ದರೂ, 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ನ್ಯಾಯಾಲಯ ಕೊಡಿಸುವುದು ಸಮಂಜಸವಾದ ಪರಿಹಾರವನ್ನಷ್ಟೇ, ಬರೆದ ದಂಡವನ್ನು ಹಾಗೆಯೇ ಅಲ್ಲ. ಅಂಥ ನೋಟಿಸು ಬಂದರೆ ಅದರಲ್ಲಿರುವ ವಕೀಲರ ನೋಂದಣಿ ಸಂಖ್ಯೆಯನ್ನು ವಕೀಲರ ಪರಿಷತ್ತಿನಲ್ಲಿ ವಿಚಾರಿಸಿ, ಹಣವನ್ನಂತೂ ಕಟ್ಟಬೇಡಿ.

ಖಾತೆ ಬಾಡಿಗೆಯ ವಿಚಾರಕ್ಕೆ ಬರುತ್ತೇನೆ, ಇದು ಮೋಸವೆಂದು ಹಲವರಿಗೆ ಅನ್ನಿಸುವುದೂ ಇಲ್ಲ. ನಿಮ್ಮ ಪ್ರೊಫೈಲನ್ನು ನಮಗೆ ಬಳಸಲು ಕೊಡಿ, ತಿಂಗಳಿಗೆ ಇಷ್ಟು ಕೊಡುತ್ತೇವೆ, ಕೆಲಸ ನಾವೇ ಮಾಡಿಕೊಳ್ಳುತ್ತೇವೆ ಎಂಬ ಆಮಿಷ ಹೊಸ ಖಾತೆ ತೆರೆದ ವಿದ್ಯಾರ್ಥಿಗಳಿಗೆ ಬರುತ್ತದೆ. ಒಬ್ಬರ ಖಾತೆಯನ್ನು ಇನ್ನೊಬ್ಬರು ಬಳಸುವುದನ್ನು ಜಾಲತಾಣಗಳು ನಿಷೇಧಿಸಿವೆ, ಸಿಕ್ಕಿಬಿದ್ದರೆ ಖಾತೆ ಹೋಗುತ್ತದೆ. ಆದರೆ ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಗುರುತಿನ ಪರಿಶೀಲನೆಗೆ ಕೊಟ್ಟ ಮುಖ, ಪ್ಯಾನ್, ಬ್ಯಾಂಕ್ ಖಾತೆ ಎಲ್ಲವೂ ನಿಮ್ಮವು. ಆ ಬ್ಯಾಂಕ್ ಖಾತೆಗೆ ಮೋಸದ ಹಣ ಬಂದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಮಿನಡಿ ಬೇರಾವುದೋ ರಾಜ್ಯದ ಪೊಲೀಸರು ಅದನ್ನು ಸ್ಥಗಿತಗೊಳಿಸಬಹುದು, ಮತ್ತು ಅದನ್ನು ಬಿಡಿಸಿಕೊಳ್ಳಲು ನೀವು ಆ ರಾಜ್ಯದ ಠಾಣೆಗೋ ನ್ಯಾಯಾಲಯಕ್ಕೋ ಅಲೆಯಬೇಕಾಗಬಹುದು. ಕಂಪ್ಯೂಟರ್ ಬಳಸಿ ಬೇರೊಬ್ಬರ ಸೋಗಿನಲ್ಲಿ ವಂಚಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾದ ಅಪರಾಧ. ತನಿಖಾಧಿಕಾರಿಗೆ ಮೊದಲು ಕಾಣುವ ಹೆಸರು ನಿಮ್ಮದೇ.

ಜಾಲತಾಣದ ಹೊರಗೆ ಕೆಲಸ ಮಾಡಲೇಬಾರದು ಎಂಬುದು ನನ್ನ ವಾದವಲ್ಲ. ಬೆಂಗಳೂರಿನ ಎಷ್ಟೋ ಅನುವಾದಕರು, ವಿನ್ಯಾಸಕರು ಊರಿನ ಗ್ರಾಹಕರೊಂದಿಗೆ ನೇರವಾಗಿಯೇ ವ್ಯವಹರಿಸುತ್ತಾರೆ. ಹಾಗೆ ಮಾಡುವವರು ಸಣ್ಣ ಉದ್ದಿಮೆಗಳಿಗೆಂದು ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಲಿ. ಅದಕ್ಕೆ ಶುಲ್ಕವಿಲ್ಲ, ಮತ್ತು 2006ರ ಎಂಎಸ್‌ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಗ್ರಾಹಕ ಸಂಸ್ಥೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಿ ಕೊಡಬೇಕು. ಇದೂ ಒಂದು ರಕ್ಷಣೆಯೇ, ಇದಕ್ಕೂ ಅದರದೇ ನಿಯಮಗಳಿವೆ. ಅಪಾಯವಿರುವುದು ಜಾಲತಾಣದ ನಿಯಮವೂ ಅನ್ವಯಿಸದ, ಲಿಖಿತ ಕರಾರೂ ಇಲ್ಲದ, ಎದುರಿಗಿರುವವನ ನಿಜವಾದ ಹೆಸರೂ ತಿಳಿಯದ ನಡುವಣ ಜಾಗದಲ್ಲಿ, ಮತ್ತು ಟೆಲಿಗ್ರಾಂ ಆಹ್ವಾನ ಕರೆದೊಯ್ಯುವುದು ಅಲ್ಲಿಗೇ.

ಹಣ ಹೋಗಿದೆಯೆಂದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ದೂರು ಬೇಗ ದಾಖಲಾದಷ್ಟೂ, ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಯುವ ಅವಕಾಶ ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಸಲ್ಲಿಸಿ, ಸ್ವೀಕೃತಿ ಸಂಖ್ಯೆಯನ್ನು ಇಟ್ಟುಕೊಂಡು, ನಿಮ್ಮ ವಿಭಾಗದ ಸೈಬರ್ ಅಪರಾಧ ಠಾಣೆಗೆ ಹೋಗಿ. ಯುಪಿಐ ವಹಿವಾಟಿನ ಸಂಖ್ಯೆ, ಗ್ರಾಹಕನ ಪ್ರೊಫೈಲಿನ ಕೊಂಡಿ, ಮಾತುಕತೆಯ ಸ್ಕ್ರೀನ್‌ಶಾಟ್‌ಗಳು ಜೊತೆಗಿರಲಿ.

ವಿಜಯನಗರದ ಆ ಚಿತ್ರಕಾರ್ತಿ ನಮ್ಮಲ್ಲಿಗೆ ಬಂದದ್ದು ಹಣ ಕಟ್ಟಿದ ಮೂರು ವಾರಗಳ ನಂತರ, ಹಾಗಾಗಿ 6,500 ರೂಪಾಯಿ ಮರಳಲಿಲ್ಲ. ಟೆಲಿಗ್ರಾಂನಲ್ಲಿ ಒಬ್ಬರು ಸಂಭಾಷಣೆಯನ್ನು ಇಬ್ಬರ ಕಡೆಯಿಂದಲೂ ಅಳಿಸಬಹುದು, ಅವನು ಅಳಿಸಿದ್ದ. ಉಳಿದಿದ್ದು ಜಾಲತಾಣದೊಳಗಿನ ಮೊದಲ ಎರಡು ಸಂದೇಶಗಳು ಮಾತ್ರ. ಅವುಗಳನ್ನೇ ತೋರಿಸಿ ಜಾಲತಾಣಕ್ಕೆ ವರದಿ ಮಾಡಿಸಿದೆ, ಅವನ ಆ ಖಾತೆಯನ್ನು ಮುಚ್ಚಿದರು. ಚಿತ್ರಕಾರ್ತಿಗೆ ಹಣವೂ ಬಂದಿರಲಿಲ್ಲ, ಹಕ್ಕನ್ನು ಬರೆದುಕೊಟ್ಟಿರಲೂ ಇಲ್ಲ. ಆದ್ದರಿಂದ ಚಿತ್ರಗಳ ಕೃತಿಸ್ವಾಮ್ಯ ನಿಮ್ಮದೇ, ಧೈರ್ಯವಾಗಿ ಬಳಸಿಕೊಳ್ಳಿ ಎಂದು ಹೇಳಿ ಕಳಿಸಿದೆ. ಹನ್ನೆರಡರಲ್ಲಿ ನಾಲ್ಕು ಚಿತ್ರಗಳು ಈಗ ಅವರ ಪ್ರೊಫೈಲಿನಲ್ಲಿ ಮಾದರಿ ಕೆಲಸಗಳಾಗಿ ನಿಂತಿವೆ.