ರಸ್ತೆ ಪಕ್ಕದಲ್ಲೇ ಇದೆಯಲ್ಲ ಸಾರ್!

ಬೆಟ್ಟಗಳಲ್ಲಿ ವಾರಗಟ್ಟಲೆ ನಡೆಯುವ ಪ್ಲಾನ್ ಹಿಡಿದುಕೊಂಡು ನನ್ನ ಹತ್ತಿರ ಬರುವವರಿಗೆ ಶೂ, ಟೆಂಟು, ನೀರಿನ ಫಿಲ್ಟರ್ ಬಗ್ಗೆ ನಾನೇನೂ ಹೇಳಬೇಕಿಲ್ಲ, ನನಗಿಂತ ಜಾಸ್ತಿ ವಿಡಿಯೊ ನೋಡಿರುತ್ತಾರೆ. ಎಡವುವುದು ಒಂದೇ ಕಡೆ. ನಕ್ಷೆಯಲ್ಲಿ ದಾರಿಯ ಆಸುಪಾಸು ಎಲ್ಲಾದರೂ ರಸ್ತೆ ಕಂಡರೆ ಸಾಕು, ಇಲ್ಲಿ ಮತ್ತೆ ಊಟ ತುಂಬಿಸಿಕೊಳ್ಳುವುದು ಅಂತ ಅಲ್ಲೊಂದು ಕೆಂಪು ಚುಕ್ಕೆ. ಈ ಚುಕ್ಕೆಯಿಂದ ಆ ಚುಕ್ಕೆಗೆ ಐದು ದಿನ, ಹಾಗಾದರೆ ಐದು ದಿನದ ಊಟ. ಮುಗೀತು. ಚುಕ್ಕೆ ದಾರಿಯ ಮೇಲಿಲ್ಲವಲ್ಲ ಅಂದರೆ, "ಪಕ್ಕದಲ್ಲೇ ಇದೆಯಲ್ಲ ಸಾರ್" ಅನ್ನುತ್ತಾರೆ.

ಪಕ್ಕ ಅಂದರೆ ಎಷ್ಟು? ಕ್ಯಾಲಿಫೋರ್ನಿಯಾದ ಜಾನ್ ಮ್ಯೂರ್ ಟ್ರೇಲ್ ನೋಡಿ. ಸುಮಾರು 340 ಕಿ.ಮೀ. ದಾರಿ. ಉತ್ತರದಿಂದ ಹೊರಟವರು ನಡುವೆ ಸಿಗುವ ಮ್ಯೂರ್ ಟ್ರೇಲ್ ರ‍್ಯಾಂಚ್ ಎಂಬ ತಂಗುದಾಣದಲ್ಲಿ ಊಟ ತುಂಬಿಕೊಂಡರೆ, ಮುಂದೆ ಟ್ರೇಲ್ ಮುಗಿಯುವ ವಿಟ್ನಿ ಶಿಖರದವರೆಗೆ ಹತ್ತಿರ ಹತ್ತಿರ 175 ಕಿ.ಮೀ. ಒಂದು ರಸ್ತೆಯೂ ಅಡ್ಡ ಬರುವುದಿಲ್ಲ. ಅಷ್ಟನ್ನೂ ಹೊರಲಾರದವರು ಮಧ್ಯೆ ಕಿಯರ್‌ಸಾರ್ಜ್ ಕಣಿವೆದಾರಿ ಹತ್ತಿ, ರಸ್ತೆ ಸಿಗುವ ಆನಿಯನ್ ವ್ಯಾಲಿಗೆ ಇಳಿಯುತ್ತಾರೆ. ನಕ್ಷೆಯಲ್ಲಿ ಒಂದು ಬೆರಳಗಲ. ಕಾಲಿಗೆ ಸುಮಾರು 12 ಕಿ.ಮೀ., ಅದೂ ಬರೀ ಹೋಗುವುದಕ್ಕೆ. ಇಳಿದ ಜಾಗದಲ್ಲಿ ಅಂಗಡಿ ಇಲ್ಲ, ಊರು ಇನ್ನೂ 20 ಕಿ.ಮೀ. ಕೆಳಗೆ. ವಾಪಸ್ ಬರುವಾಗ ಸುಮಾರು 800 ಮೀಟರ್ ಏರು, ಈ ಸಲ ತುಂಬಿದ ಚೀಲದ ಜೊತೆ.

ಈಗ ನೈಸ್ಮಿತ್ ಲೆಕ್ಕ ಹಾಕಿ. 1892ರಿಂದ ಚಾಲ್ತಿಯಲ್ಲಿರುವ ಹಳೇ ಸೂತ್ರ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು. ಅಂದರೆ ವಾಪಸ್ ಬರುವುದಕ್ಕೇ ಪೌನೆ ನಾಲ್ಕು ಗಂಟೆ. ಅದು ಗಟ್ಟಿಮುಟ್ಟಾದವರು ನಿಲ್ಲದೆ ನಡೆದರೆ. ಮೂರು ಸಾವಿರ ಮೀಟರ್ ಮೇಲೆ, ಬೆನ್ನ ಮೇಲೆ ಭಾರ ಹೊತ್ತು, ನಾನಂತೂ ಐದು ಗಂಟೆಗಿಂತ ಕಡಿಮೆ ಬರೆಯುವುದಿಲ್ಲ. ಹೋಗೋಕೆ ಒಂದು ದಿನ, ಬರೋಕೆ ಒಂದು ದಿನ, ಟ್ರೇಲ್ ಮೇಲೆ ಒಂದಡಿಯೂ ಮುಂದೆ ಹೋಗಿಲ್ಲ. ಹೊಟ್ಟೆಗೆ ಮಾತ್ರ ಎರಡೂ ದಿನ ಬೇಕಲ್ವಾ? ಹೊರಗೆ ಹೋಗುವ ದಿನದ ಊಟ ಹಳೇ ಚೀಲದಲ್ಲಿ ಉಳಿದಿರಬೇಕು. ಒಳಗೆ ಬರುವ ದಿನದ್ದು ಹೊಸದರಲ್ಲಿ ಸೇರಿರಬೇಕು. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ಪಟ್ಟಿಯಲ್ಲಿ ಎರಡೂ ಇರುವುದಿಲ್ಲ!

ಒಮ್ಮೆ ಗಂಡ ಹೆಂಡತಿ ಬಂದಿದ್ದರು. ಗಂಡ ಪ್ರತಿ ದಿನಕ್ಕೂ ಸಮನಾಗಿ 20 ಕಿ.ಮೀ. ಹಂಚಿ, ಬಣ್ಣ ಬೇರೆ ಹಾಕಿದ್ದರು. ನಾನು ಏರಿಳಿತದ ಗೆರೆ ತೋರಿಸುತ್ತಿದ್ದೆ. ಸುಮ್ನೆ ಕೂತಿದ್ದ ಹೆಂಡತಿ, "ಇದೇನು ನ್ಯಾಯ, ಇಳಿಯೋವಾಗ ಖಾಲಿ ಚೀಲ, ಹತ್ತೋವಾಗ ತುಂಬಿದ ಚೀಲ" ಅಂದುಬಿಟ್ಟರು. ನಾನು ಅರ್ಧ ಗಂಟೆಯಿಂದ ಹೇಳಲು ಒದ್ದಾಡುತ್ತಿದ್ದುದು ಅದೇ. ರಸ್ತೆಗಳು ಇರುವುದು ತಗ್ಗಿನಲ್ಲಿ. ಊಟ ತುಂಬಿಸಿಕೊಂಡ ಮರುದಿನವೇ ಅತಿ ಭಾರ, ಅತಿ ಏರು. ಆ ದಿನಕ್ಕೆ ಉಳಿದ ದಿನಗಳ ಅರ್ಧ ದೂರ ಬರೆದರೆ ಸಾಕು.

ತೂಕಕ್ಕೆ ಒಬ್ಬರಿಗೆ ದಿನಕ್ಕೆ ಸುಮಾರು 700 ಗ್ರಾಂ ಒಣ ಆಹಾರದಿಂದ ಶುರುಮಾಡಿ. ಎತ್ತರದಲ್ಲಿ ಮೊದಲ ಒಂದೆರಡು ದಿನ ಹಸಿವೇ ಆಗದಿರಬಹುದು, ವಾರ ಕಳೆದ ಮೇಲೆ ಎಷ್ಟು ತಿಂದರೂ ಸಾಲದೆಯೂ ಇರಬಹುದು, ಹಾಗಾಗಿ ಕೊನೆಯ ಭಾಗಗಳಿಗೆ ಸ್ವಲ್ಪ ಜಾಸ್ತಿ ಹಾಕುತ್ತೇನೆ. ಕರಡಿ ತೆರೆಯಲಾಗದ ಡಬ್ಬಿ ಕಡ್ಡಾಯ ಇರುವ ಕಡೆ ತೂಕಕ್ಕಿಂತ ಮುಂಚೆ ಜಾಗ ಮುಗಿಯುತ್ತದೆ. ಮನೆಯಲ್ಲೇ ತುಂಬಿ, ಮುಚ್ಚಳ ಹಾಕಿ ನೋಡಿ.

ಊಟವನ್ನು ಚುಕ್ಕೆಯ ಜಾಗಕ್ಕೆ ಮೊದಲೇ ಪಾರ್ಸೆಲ್ ಕಳಿಸುವುದಾದರೆ ತಲುಪಲು ವಾರಗಳೇ ಬೇಕಾಗಬಹುದು. ರಸ್ತೆ ತೆರೆದಿದೆಯಾ, ಪಾರ್ಸೆಲ್ ಇಟ್ಟುಕೊಳ್ಳುತ್ತಾರಾ ಅಂತ ಅದೇ ವರ್ಷ ನೀವೇ ಫೋನ್ ಮಾಡಿ ಕೇಳಿ, ಹೋದ ವರ್ಷದವರ ಮಾತು ನಂಬಬೇಡಿ. ಸ್ಟವ್‌ನ ಗ್ಯಾಸ್ ಸಾಮಾನ್ಯ ಪಾರ್ಸೆಲ್‌ನಲ್ಲಿ ಹೋಗುವುದಿಲ್ಲ, ಅದನ್ನು ಎಲ್ಲಿ ಕೊಳ್ಳುತ್ತೀರಿ ಅಂತ ಬೇರೆಯೇ ಬರೆದುಕೊಳ್ಳಿ. ಸೋಪು ಮಾತ್ರ ಊಟದ ಡಬ್ಬದಲ್ಲಿ ಹಾಕಬೇಡಿ ಮಾರಾಯ್ರೆ, ಮೂರು ವಾರ ಮುಚ್ಚಿಟ್ಟರೆ ಓಟ್ಸ್‌ಗೂ ಸೋಪಿನ ರುಚಿ ಬರುತ್ತದೆ.