ಗುಜರಿ ಎಂದು ಬರೆದರೂ ಅದು ಸರ್ಕಾರದ ದುಡ್ಡು

ಕರೆಂಟ್ ಲೈನಿನಿಂದ ಇಳಿಸಿದ ಹಳೆ ವೈರಿನ ತುಂಡೊಂದರ ಕತ್ತರಿಸಿದ ತುದಿ ನೋಡಿ. ಸುತ್ತ ಬೆಳ್ಳಗಿನ ಅಲ್ಯೂಮಿನಿಯಂ ಎಳೆಗಳು, ನಡುವೆ ಉಕ್ಕು. ಆಯಸ್ಕಾಂತ ಹಿಡಿದರೆ ನಡುವಿನದು ಮಾತ್ರ ಅಂಟುತ್ತದೆ. ಸರ್ಕಾರಿ ಕಚೇರಿಯ ಉಗ್ರಾಣದ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ರಿಜಿಸ್ಟರಿನಲ್ಲಿ ಸುಮ್ನೆ 'ಹಳೆ ವೈರು, ಒಂದು ರಾಶಿ' ಎಂದು ಬರೆದರೆ ಹರಾಜಿನಲ್ಲಿ ಕೊಳ್ಳುವವನಿಗೆ ಏನು ತಿಳಿಯಬೇಕು? ಅವನು ತನ್ನ ಅನುಮಾನಕ್ಕೂ ಲೆಕ್ಕ ಹಾಕಿ, ಅಷ್ಟನ್ನು ಬೆಲೆಯಲ್ಲಿ ಕಳೆದೇ ಕೂಗುತ್ತಾನೆ.

ಶಿವಮೊಗ್ಗ ಜಿಲ್ಲೆಗೆ ಲೋಹದ ನಂಟು ಹಳೆಯದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಥೆ 1918ರಿಂದ ಶುರುವಾಗುತ್ತದೆ. ಜೋಗದ ವಿದ್ಯುದಾಗಾರ 1948ರಲ್ಲಿ ಬಂತು, ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ. ಇಂಥ ಕಡೆ ಯಂತ್ರ ಬದಲಾದಾಗಲೆಲ್ಲ ತಾಮ್ರದ ಕಾಯಿಲ್, ಹಿತ್ತಾಳೆ ಬುಷ್, ಕಬ್ಬಿಣದ ಪೈಪು ಕೆಳಗಿಳಿಯುತ್ತವೆ. ಎಲ್ಲವನ್ನೂ ಒಂದೇ ಲಾಟು, ಅಂದರೆ ಹರಾಜಿಗೆ ಒಟ್ಟಿಗೆ ಇಡುವ ಒಂದೇ ರಾಶಿ, ಮಾಡಿದರೆ ತಾಮ್ರವೂ ಕಬ್ಬಿಣದ ಬೆಲೆಯ ಕಡೆಗೆ ಜಾರುತ್ತದೆ. ನಾಲ್ಕು ಕೂಲಿಯವರನ್ನು ಹಿಡಿದು ಬೇರೆ ಬೇರೆ ಮಾಡಿಸಿದರೆ ಆ ಖರ್ಚಿಗಿಂತ ಎಷ್ಟೋ ಜಾಸ್ತಿ ವಾಪಸ್ ಬರುತ್ತದೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮಲೆನಾಡಿನಲ್ಲಿ ಇನ್ನೊಂದು ಕಷ್ಟ ಇದೆ. ಮಳೆ. ನೆಲದ ಮೇಲೆ ಬಿಟ್ಟ ಕಬ್ಬಿಣ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಪುಸ್ತಕದಲ್ಲಿ ಮಾತ್ರ ಹಳೆ ತೂಕವೇ ಇರುತ್ತದೆ. ಕೊನೆಗೆ ಹರಾಜಾಗಿ ತೂಗಿದಾಗ ಕಡಿಮೆ ಬಂದರೆ ಉತ್ತರ ಹೇಳಬೇಕಾದವನು ಉಗ್ರಾಣದವನೇ, ಅಲ್ವಾ? ಅದಕ್ಕೇ ಹಲಗೆಯ ಮೇಲೆ, ಮಾಡಿನ ಕೆಳಗೆ ಇಡಿ. ವರ್ಷಕ್ಕೊಮ್ಮೆ ದಾಸ್ತಾನು ಪರಿಶೀಲಿಸುವಾಗ ಬರೀ ಎಣಿಸಬೇಡಿ, ತೂಗಿಸಿ. ತಾಮ್ರ ಹಾಗೆ ಉದುರುವುದಿಲ್ಲ, ಕಪ್ಪಾಗುತ್ತದೆ ಅಷ್ಟೇ. ಅದು ಕರಗುವುದು ಕಳ್ಳರ ಕೈಗಳಿಂದ. ಅದಕ್ಕೆ ಎರಡು ಬೀಗ, ಇಬ್ಬರ ಹತ್ತಿರ ಒಂದೊಂದು ಕೀಲಿ ಇರಬೇಕು.

ಈಗ ಎಷ್ಟೋ ಕಚೇರಿಗಳು ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಜಾಲತಾಣದಲ್ಲಿ ಇ-ಹರಾಜು ಹಾಕುತ್ತವೆ. ಎಲ್ಲಿಂದ ಬೇಕಾದರೂ ಕೂಗಬಹುದು. ಒಳ್ಳೆಯದೇ. ಆದರೆ ಪರದೆಯ ಮೇಲೆ ಒಳ್ಳೆ ದರ ಬಂದರೂ ಗೇಟಿನಲ್ಲಿ ಕಳೆದುಕೊಳ್ಳಬಹುದು. ಒಮ್ಮೆ ಖಾಲಿ ಲಾರಿ ತೂಕಕ್ಕೆ ನಿಂತಾಗ ಹಿಂದೆ ಟಾರ್ಪಾಲ್ ಕೆಳಗೆ ನೀರು ತುಂಬಿದ ಡ್ರಮ್ಮುಗಳಿದ್ದವು. ಖಾಲಿ ತೂಕ ಹೆಚ್ಚಾಗಿ ಬರೆಸಿಕೊಂಡು, ಆಮೇಲೆ ನೀರು ಚೆಲ್ಲಿ ಮಾಲು ತುಂಬುವುದು ಅವರ ಲೆಕ್ಕ. ತುಂಬಿದ ಲಾರಿಯ ತೂಕದಲ್ಲಿ ಖಾಲಿ ತೂಕ ಕಳೆದೇ ಮಾಲಿನ ತೂಕ ಹಿಡಿಯುವುದು, ಹಾಗಾಗಿ ಎಷ್ಟು ಲೀಟರ್ ನೀರೋ ಅಷ್ಟು ಕಿಲೋ ಲೋಹ ಪುಕ್ಕಟೆ. ನಮ್ಮ ಕಾವಲುಗಾರ ಟಾರ್ಪಾಲ್ ಎತ್ತಿ ನೋಡದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಅವತ್ತಿನಿಂದ ನಾನು ಖಾಲಿ ಲಾರಿಯ ಸುತ್ತ ಒಂದು ಸುತ್ತು ಬಂದೇ ಸಹಿ ಹಾಕುತ್ತಿದ್ದೆ.

ಹಳೆ ಬ್ಯಾಟರಿಗಳನ್ನು ಈ ರಾಶಿಗೆ ಸೇರಿಸಲೇಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅವಕ್ಕೆ ಬೇರೆಯೇ ದಾರಿ ಇದೆ.

ಈ ಸಲ ಲಾಟು ಮಾಡುವುದಿದ್ದರೆ ಫೈಲನ್ನು ಜನವರಿಯಲ್ಲೇ ಎಬ್ಬಿಸಿ. ಬೇರ್ಪಡಿಸುವುದು, ತೂಕ, ಮೀಸಲು ಬೆಲೆ (ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎನ್ನುವ ದರ), ಹರಾಜು, ಹಣ ಕಟ್ಟುವ ಗಡುವು ಎಲ್ಲ ಮುಗಿದು ಲಾರಿ ಬರುವಷ್ಟರಲ್ಲಿ ಮೇ ಬಂದಿರುತ್ತದೆ. ಜೂನ್ ಹಿಡಿದರೆ ಯಾರ್ಡಿನ ಕೆಸರಿನಲ್ಲಿ ಗಾಲಿ ಹೂತು ಮಾಲು ಅಕ್ಟೋಬರ್‌ವರೆಗೂ ಅಲ್ಲೇ ನೆನೆಯುತ್ತದೆ.